ಹಂದಿ ಬೇಲಿಯ ಗಿಳಿಹಸಿರು ಸೀರೆ

ಗೆಟ್ಟವಾಡಿಯ ಪ್ರಮೀಳಾ ಸೋತಿದ್ದು ಮಾತಿಗೆ. ಗಂಡ ಜಡೇಸ್ವಾಮಿ ದಿನಕ್ಕೆ ನಾಲ್ಕು ಮಾತಾಡಿದರೆ ಮೂರು ಎತ್ತಿಗೆ, ಒಂದು ಇವಳಿಗೆ. ಕೋಸು ತುಂಬಿಕೊಳ್ಳಲು ಬರುವ ಟೆಂಪೋ ಡ್ರೈವರ್ ಉಮಾಶಂಕರನೋ, ಬಾಯಿ ಬಿಟ್ಟರೆ ನಗಿಸುವವನು. ನಗುನಗುತ್ತಲೇ ಅವಳು ಬಹಳ ದೂರ ಹೋಗಿಬಿಟ್ಟಿದ್ದಳು. ಅವನು ಕೊಟ್ಟ ಗಿಳಿಹಸಿರು ಜರಿಸೀರೆ ಹಳೆಬಟ್ಟೆ ಗಂಟಿನೊಳಗೆ ಅಡಗಿ ಕೂತಿತ್ತು.

"ಸುಕ್ರವಾರ ಅದ್ನ ಉಟ್ಕಂಡು ರಸ್ತೆಗೆ ಬಂದ್ಬುಡು. ಸತ್ಯಮಂಗಲಕ್ಕೆ ಇಳುದ್ಬುಟ್ರೆ ನಮ್ಮನ್ನ ಕೇಳೋರ್ಯಾರು?" ಅಂದಿದ್ದ.

ಅದೇ ವಾರ ಕಾಡುಹಂದಿ ಹೊಲಕ್ಕೆ ನುಗ್ಗಿತು. ಹಳೆ ಸೀರೆ ಸಾಲಾಗಿ ಕಟ್ಟಿದರೆ ಹಂದಿ ಬೆದರುತ್ತದೆಂದು ಅಲ್ಲಿ ಎಲ್ಲರ ಹೊಲಕ್ಕೂ ಸೀರೆಯದೇ ಬೇಲಿ. ಪ್ರಮೀಳಾ ತಾಳವಾಡಿಗೆ ಹೋಗಿದ್ದ ಹೊತ್ತಿನಲ್ಲಿ ಜಡೇಸ್ವಾಮಿ ಗಂಟನ್ನೇ ಹೊತ್ತುಕೊಂಡು ಹೋದ.

ಅವಳು ಬಸ್ಸಿಳಿದು ನೋಡುತ್ತಾಳೆ, ಮಾಸಿದ ಸೀರೆಗಳ ನಡುವೆ ಗಿಳಿಹಸಿರು ಪಟಪಟ ಹಾರುತ್ತಿದೆ! ಪಕ್ಕದ ಹೊಲದಲ್ಲಿ ನಾಲ್ಕಾರು ಹೆಂಗಸರ ಜೊತೆ ಕಳೆ ಕೀಳುತ್ತಿದ್ದ ಮಂಚಮ್ಮ ಸುಮ್ಮನಿದ್ದಾಳೆಯೇ?

"ನಿಮ್ಮೊಲದ ಅಂದಿ ಮದ್ವೆಗೋಯ್ತದೇನಮ್ಮಿ? ನಮ್ಗಿಲ್ದ ಜರಿಸೀರ ಅದ್ಕಾ? ಯಾರ್ ತಂದ್ಕೊಟ್ರವ್ವ?"

ಗೂಟ ಬಡಿಯುತ್ತಿದ್ದ ಜಡೇಸ್ವಾಮಿ ಸೀರೆ ನೋಡಿದ, ಹೆಂಡತಿಯ ಮುಖ ನೋಡಿದ.

"ನಾನೇ ಕಣಕ್ಕ ತಂದಿದ್ದು. ಬಣ್ಣ ಒಪ್ನಿಲ್ಲ ಅಂತ ಮೂಲಗೆ ಎಸ್ದಿದ್ಲು. ಅಂದಿಗಾದ್ರೂ ಒಪ್ಲಿ ಬುಡು."

ಹೆಂಗಸರು ಗೊಳ್ಳೆಂದು ನಕ್ಕರು. ಪ್ರಮೀಳಾ ಮಾತ್ರ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ಅದೇ ನೆಪ ಮಾಡಿಕೊಂಡು ಹೊರಡಬಹುದಿತ್ತು. ಎಂದೂ ಸುಳ್ಳಾಡದವನು ಊರೆದುರಿಗೆ ಆಡಿದ ಸುಳ್ಳಿಗೆ ಮುಖ ಎಲ್ಲಿಟ್ಟುಕೊಳ್ಳುವುದು?

ರಾತ್ರಿ ಮುದ್ದೆ ಉಣ್ಣುವಾಗ, "ಆ ಸೀರೆ..." ಎಂದಳು.

"ಇಟ್ಟು ಆರೋಯ್ತದ, ಉಣ್ಣು," ಎಂದ. ಕೈ ತೊಳೆದು ಎದ್ದವನು ಬಾಗಿಲಲ್ಲಿ ನಿಂತ. "ಬೇಕು ಅಂದ್ರ ಬಿಚ್ಕೊ ಮೇ. ನಾನು ಗಂಟ ಬಿಗಿಯಾಗಿ ಆಕಿಲ್ಲ."

ಶುಕ್ರವಾರ ರಸ್ತೆಯಲ್ಲಿ ಟೆಂಪೋ ಹಾರನ್ ಕೂಗಿತು. ಪ್ರಮೀಳಾ ಬೇಲಿಯ ಹತ್ತಿರ ನಿಂತಿದ್ದಳು. ಗಾಳಿಗೆ ಸೀರೆಯ ಒಂದು ತುದಿ ಬಿಚ್ಚಿಕೊಂಡಿತ್ತು. ಆಚೆ ಬದುವಿನಲ್ಲಿ ಜಡೇಸ್ವಾಮಿ ಇತ್ತ ಬೆನ್ನು ಮಾಡಿ ಎತ್ತಿನ ಮೈ ಉಜ್ಜುತ್ತಿದ್ದ.

"ನನ್ ಸೀರೆಗೆ ಅಂದಿ ಕಾಯೋ ಕೆಲ್ಸ ಕೊಟ್ಟಿದ್ದೀಯಾ? ಕಿತ್ಕೊಂಡ್ ಬಾ ಬೇಗ!" ಉಮಾಶಂಕರ ಕೂತಲ್ಲಿಂದಲೇ ನಕ್ಕ.

ಅವನ ಮಾತಿಗೆ ಅವಳಿಗೆ ನಗು ಬರದಿದ್ದುದು ಅದೇ ಮೊದಲು. ಹಾರುತ್ತಿದ್ದ ತುದಿ ಹಿಡಿದಳು. ಗೂಟಕ್ಕೆ ಸುತ್ತಿ, ಹಲ್ಲು ಕಚ್ಚಿ, ಗಂಟಿನ ಮೇಲೆ ಗಂಟು ಬಿಗಿದಳು. ಹಾರನ್ ಇನ್ನೊಮ್ಮೆ ಕೂಗಿತು. ಆಮೇಲೆ ಟೆಂಪೋ ಧೂಳೆಬ್ಬಿಸಿಕೊಂಡು ಹೋಯಿತು.

ಗಂಡನ ಕಡೆ ಹೋಗಲು ಕಾಲು ಏಳಲಿಲ್ಲ. ಗೂಟ ಹಿಡಿದು ನಿಂತೇ ಇದ್ದಳು.

"ಮೇ," ಜಡೇಸ್ವಾಮಿ ತಿರುಗದೆಯೇ ಕೂಗಿದ, "ಆ ಮೂಲೆ ಗೂಟಾನೂ ಸಡ್ಲಾಗ್ಬುಟ್ಟದ. ನೋಡು."

ತಲೆ ಎತ್ತದೆ ಆ ಮೂಲೆಗೆ ನಡೆದಳು.