ಅಕ್ಕನ ಬಿಳಿ ಅನ್ನ, ನನ್ನ ಕರುಳು

ಅತಿಥಿಯ ತಟ್ಟೆಯಲ್ಲಿ ಅನ್ನ ಎಷ್ಟು ಬೆಳ್ಳಗಿದೆ ಎಂಬುದರ ಮೇಲೆ ಮನೆತನದ ಮಾನವನ್ನು ಅಳೆಯುವ ಊರು ಸಿರುಗುಪ್ಪ. ಕಾಲುವೆಯ ನೀರು ಹರಿದು ಭತ್ತ ತಲೆಯೆತ್ತಿದ್ದೇ ತಡ, ಜೋಳ ಉಗ್ರಾಣದ ಮೂಲೆ ಸೇರಿತು. ನೆಂಟರೆದುರು ಅದರ ಹೆಸರೆತ್ತುವುದೇ ಅಪಚಾರವಾಯಿತು. ಇದರಿಂದ ನಿಮಗೇನು ಸಂಕಟ ಎನ್ನುತ್ತೀರಾ? ಸಂಕಟ ನನ್ನ ಕರುಳಿಗೆ, ಸ್ವಾಮೀ!

ಎಂಬತ್ತರ ದಶಕದ ಆರಂಭದ ಆ ಎರಡು ವರ್ಷ ನನ್ನ ಹೊಟ್ಟೆ ನನ್ನ ಮಾತನ್ನೇ ಕೇಳಲಿಲ್ಲ. ಬಳ್ಳಾರಿಯ ಕಚೇರಿಯಲ್ಲಿ ನನಗೆ ಕುರ್ಚಿಗಿಂತ ಕಕ್ಕಸಿನ ಬಾಗಿಲೇ ಹೆಚ್ಚು ಪರಿಚಿತವಾಗಿತ್ತು. ಮೊದಲ ವೈದ್ಯರು ಬ್ರೆಡ್ಡು, ಸಾಬೂದಾನಿ ಗಂಜಿಯ ಮೇಲೆ ನನ್ನನ್ನು ಸಾಕಿ ಸೊರಗಿಸಿದರು. ಎರಡನೆಯವರು ವಿದೇಶಿ ಪತ್ರಿಕೆಗಳನ್ನು ಓದುವ ತರುಣ. "ಜ್ವಾಳದ ರೊಟ್ಟಿ ತಿನ್ರಿ, ಕಾಳು ತಿನ್ರಿ. ನಮಗ ಅರಗದ ನಾರು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಊಟ. ಅವು ಅದನ್ನ ಹುಳಿಸಿ ಆಮ್ಲ ಮಾಡ್ತಾವ, ಕರುಳಿನ ಒಳಪದರ ಬದುಕೋದು ಅದರ ಮ್ಯಾಲೇ" ಎಂದರು. ನನ್ನೊಳಗೆ ಕೋಟ್ಯಂತರ ಅಡುಗೆಯವರಿದ್ದಾರೆಂದೂ ಅವರನ್ನು ನಾನೇ ಉಪವಾಸ ಕೆಡವಿದ್ದೇನೆಂದೂ ತಿಳಿದು ನಾಚಿಕೆಯಾಯಿತು. ಒಂದು ತಿಂಗಳ ರೊಟ್ಟಿಗೆ ಹೊಟ್ಟೆ ಹದಕ್ಕೆ ಬಂತು.

ಅಷ್ಟರಲ್ಲಿ ಸಿರುಗುಪ್ಪದ ಅಕ್ಕನಿಂದ ಕರೆ ಬಂತು. ಅವಳ ಮನೆಯಲ್ಲಿ ಹೊತ್ತುಹೊತ್ತಿಗೂ ಮಲ್ಲಿಗೆಯಂಥ ಅನ್ನ. ಬೇಡವೆಂದರೆ ಇನ್ನೊಂದು ಸೌಟು. ಮೂರನೆಯ ದಿನ ಹೊಟ್ಟೆಯ ಹಳೇ ಕಾಟ ಮರಳಿತು. ನಾನು ತಟ್ಟೆ ಸರಿಸಿ ಸಿಡುಕಿದೆ: "ಅಕ್ಕ, ಕೈ ಮುಗೀತೀನಿ, ಒಂದು ರೊಟ್ಟಿ ಬಡಿ. ಡಾಕ್ಟರು ಹೇಳ್ಯಾರಂತ ಮೂರು ದಿನದಿಂದ ಬಡಕೊಳ್ಳಾಕತ್ತೀನಿ!"

"ಸುಮ್ನಿರಲೇ! ಡಾಕ್ಟರಿಗೇನು ಗೊತ್ತೈತಿ?" ಅಕ್ಕ ಸೌಟನ್ನು ಅನ್ನದ ಪಾತ್ರೆಗೆ ಕುಕ್ಕಿದಳು. "ಅವ್ವ ಹೋದಮ್ಯಾಲೆ ನಮ್ಮೂರು ಕುರುಗೋಡಿನಾಗ ನೀ ಅನ್ನ ಬೇಕಂತ ಅಳತಿದ್ದಿ. ನಾ ತಂಗಳ ರೊಟ್ಟಿ ಮುರಿದು ಮಜ್ಜಿಗ್ಯಾಗ ಹಾಕಿ ಕೊಡತಿದ್ದೆ. ಅದನ್ನ ತಿಂದೇ ನಿನ್ನ ಹೊಟ್ಟಿ ಕೆಟ್ಟೈತಿ. ಈಗ ಮನಿ ತುಂಬ ಅಕ್ಕಿ ಇಟ್ಟುಕೊಂಡು ಮತ್ತ ಅದನ್ನೇ ಹಾಕಲೇನು?"

ನನ್ನ ಸಿಟ್ಟು ಎಲ್ಲಿ ಅಡಗಿತೋ ಕಾಣೆ. ಮೂರು ದಿನ ಬರೀ ವೈದ್ಯರ ಆಜ್ಞೆಯನ್ನು ಕೂಗಿದ್ದೆನೇ ಹೊರತು ಕಾರಣವನ್ನು ಹೇಳಿರಲಿಲ್ಲ, ಮೂಢ. ನಾರು, ಜೀವಿಗಳು, ಆಮ್ಲ ಎಂದು ನನಗೆ ತಿಳಿದಷ್ಟನ್ನೂ ಬಿಡಿಸಿ ಹೇಳಿದೆ. ಅವಳು ಅಂದು ಕೊಟ್ಟ ರೊಟ್ಟಿಯೇ ಇಂದು ನನಗೆ ಮದ್ದು ಎಂದೆ.

ಅಕ್ಕ ನನ್ನೆದುರು ಕುಳಿತಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ ನಾ ನಿನಗ ಕೆಟ್ಟದ್ದೇನೂ ತಿನಿಸಿಲ್ಲೇನು?"

"ಇಲ್ಲಕ್ಕ."

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಅಕ್ಕಿಮೂಟೆಗಳ ಹಿಂದಿನಿಂದ ಜೋಳದ ಹಿಟ್ಟಿನ ಡಬ್ಬಿ ಎಳೆದಳು. ಬೀದಿಯ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚುವ ಗೋಜಿಗೆ ಹೋಗದೆ, ಓಣಿಗೆಲ್ಲ ಕೇಳುವಂತೆ ರೊಟ್ಟಿ ಬಡಿಯತೊಡಗಿದಳು.