ಅಪ್ಪಾಜಿಗೆ ಒಪ್ಪದ ಬಂದೂಕುಗಳು

ನಾವು ಬಂದೂಕು ನೋಡಲು ಹೊರಟಾಗ ಊರಿನವರು ನನಗೆ ಗಂಡು ನೋಡಲು ಹೊರಟಿದ್ದಾರೆ ಎಂದೇ ತಿಳಿದಿದ್ದರು. ಅವರದೇನೂ ತಪ್ಪಿಲ್ಲ. ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನನ್ನ ಸ್ಕೂಟಿಯ ಹಿಂದೆ ಕೂತು, ಹೊನ್ನಾಳಿಯಲ್ಲಿ ಒಬ್ಬರ ಮನೆ, ನ್ಯಾಮತಿಯಲ್ಲಿ ಇನ್ನೊಬ್ಬರ ಮನೆ ಎಂದು ತಿರುಗಿ, ಕಾಫಿ ಕುಡಿದು, "ತಿಳಿಸ್ತೀವಿ" ಅಂತ ಎದ್ದು ಬರುತ್ತಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಸಂತೇಬೆನ್ನೂರಿನ ಹತ್ತಿರ ನಮ್ಮದು ಮೆಕ್ಕೆಜೋಳದ ಹೊಲ. ತೆನೆಗೆ ಹಾಲು ತುಂಬುವ ಹೊತ್ತಿಗೆ ಗಿಳಿಗಳ ಹಿಂಡು ಇಳಿಯುತ್ತದೆ. ನಾಯಿ ಬೊಗಳುವ ಸದ್ದಿನ ಸ್ಪೀಕರ್ ತಂದು ಕಂಬಕ್ಕೆ ಕಟ್ಟಿದ್ದೆ. ಎರಡು ದಿನ ಹೆದರಿದ ಗಿಳಿಗಳು ಮೂರನೇ ದಿನ ಆ ಸ್ಪೀಕರಿನ ಮೇಲೆಯೇ ಕೂತು ಊಟ ಮಾಡಿದವು. ಅಪ್ಪಾಜಿಯ ಬಳಿ ಬೆಳೆ ಕಾಯಲು ಲೈಸೆನ್ಸ್ ಪಡೆದ, ಮೂತಿಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿಯೊಂದಿತ್ತು. ಹರೆಯದಲ್ಲಿ ಅದರಿಂದ ಬೀಳಿಸಿದ ಗೌಜಲಕ್ಕಿಗಳ ಬಗ್ಗೆ ಅವರು ಹೇಳುವುದನ್ನೆಲ್ಲ ನಂಬಿದರೆ ಚನ್ನಗಿರಿ ತಾಲ್ಲೂಕಿನಲ್ಲಿ ಇವತ್ತು ಒಂದು ಪುಕ್ಕವೂ ಉಳಿದಿರಬಾರದು. ಈಗ ಹಕ್ಕಿ ಹೊಡೆದರೆ ಜೈಲು. ಗಾಳಿಯಲ್ಲಿ ಹಾರಿಸಿ ಸದ್ದು ಮಾಡುವುದಷ್ಟೇ ಬಂದೂಕಿನ ಕೆಲಸ. ಆ ಸದ್ದಿಗೂ ಉಪಯೋಗವಿಲ್ಲದಂತೆ ಕಳೆದ ಹಂಗಾಮಿನಲ್ಲಿ ಕೋವಿಯ ನಳಿಕೆ ಬಿರುಕು ಬಿಟ್ಟಿತು.

ಅದೇ ಹೊತ್ತಿಗೆ ಅಪ್ಪಾಜಿಯ ಕಣ್ಣೂ ಕೈಕೊಟ್ಟಿತು. ಡಾಕ್ಟರು ನರ ಒಣಗುತ್ತಿದೆ ಅಂದರು. ಅಪ್ಪಾಜಿ ಧೂಳು ಅಂದರು. ಧೂಳು, ಧೂಳು ಅನ್ನುತ್ತಲೇ ನೆಂಟರ ಮನೆಯ ಊಟದಲ್ಲಿ ಪಕ್ಕದವರ ಎಲೆಯ ಹೋಳಿಗೆ ತಿಂದು ಮುಗಿಸಿದರು. ಮನೆಗೆ ಬಂದ ಮೇಲೆ ಅವ್ವ ಬಿಡಲಿಲ್ಲ.

"ಇಲ್ಲಾ ಆ ಲೈಸೆನ್ಸ್ ಮಗಳ ಹೆಸ್ರಿಗೆ ಮಾಡಿಸ್ರಿ, ಇಲ್ಲಾ ಸ್ಟೇಷನ್‌ಗೆ ಒಪ್ಸಿ ಬರ್ರಿ. ಕಣ್ಣು ಕಾಣದೋರ ಕೈಯಾಗೆ ಬಂದೂಕು ಇರೋ ಮನೆಯಾಗೆ ನಾನಿರಲ್ಲ."

"ಅವ್ಳಿಗೆ ಸರಿಹೋಗೋ ಬಂದೂಕು ಸಿಗ್ಲಿ, ಅವತ್ತೇ ಸಹಿ ಹಾಕ್ತೀನಿ" ಅಂದರು ಅಪ್ಪಾಜಿ.

ಅವರ ಉಪಾಯ ನನಗೆ ಆಗಲೇ ತಿಳಿಯಿತು. ಸರಿಹೋಗುವ ಬಂದೂಕು ಸಿಗದಂತೆ ನೋಡಿಕೊಂಡರಾಯಿತು, ಸಹಿ ಹಾಕುವ ಗೊಡವೆಯೇ ಇಲ್ಲ. ಸಹಿ ಹಾಕಿದರೆ ತನಗೆ ಕಣ್ಣಿಲ್ಲವೆಂದು ತಾನೇ ಬರೆದುಕೊಟ್ಟ ಹಾಗೆ. ನಾನೂ ಅವರ ಮಗಳೇ, ಹಟ ಹಿಡಿದೆ. ಬೆಳೆಗೆ ಬಂದೂಕು ಬೇಕಿತ್ತು ನಿಜ. ಜೊತೆಗೆ, ಹುಡುಗಿಗೆಂಥ ಬಂದೂಕು ಎಂದು ನಕ್ಕವರ ಮನೆ ಮುಂದೆ ಅದನ್ನು ಹೆಗಲಿಗೇರಿಸಿಕೊಂಡು ಒಂದು ಸಲವಾದರೂ ನಡೆಯಬೇಕಿತ್ತು.

ಮೊದಲು ಹೊನ್ನಾಳಿ. ಒಬ್ಬ ಅಡಿಕೆ ವ್ಯಾಪಾರಿಯ ಜೋಡಿ ನಳಿಕೆಯ ಬಂದೂಕು. ಹೆಂಡತಿಯ ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿಟ್ಟಿದ್ದನ್ನು ಅವರು ಮೆಲ್ಲಗೆ ಬಿಚ್ಚಿದರು. ಅಪ್ಪಾಜಿ ಅದನ್ನು ಕೈಗೆ ತೆಗೆದುಕೊಂಡವರೇ ನಡುವಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು, ನಳಿಕೆಯೊಳಗೆ ಇಣುಕಿ "ಖಾಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಪಾಠ ಶುರುಮಾಡಿದರು.

"ಬಂದೂಕು ಕೈಗೆ ಬಂತು ಅಂದ್ರೆ ಮೊದ್ಲು ಬಗ್ಸಿ ಒಳಗೆ ನೋಡ್ಬೇಕು. ಕೊಟ್ಟೋನು ಸಾಕ್ಷಾತ್ ಶಿವನೇ ಆದ್ರೂ ನೋಡ್ಬೇಕು. ಆಮೇಲೆ ಹಿಂದಿನ ಮರ ಮೊಣಕೈ ಮಡಿಕೇಲಿ ಇಡು. ಬೆರಳು ಕುದುರೆಗೆ, ಈ ಎಳೆಯೋ ಕೊಕ್ಕೆಗೆ, ಮುಟ್ತೈತಾ ನೋಡು. ಮುಟ್ಟಿದ್ರೆ ಅದು ನಿಂದು."

ಮುಟ್ಟಲಿಲ್ಲ. ಎತ್ತಿ ಹಿಡಿದರೆ ಮೂತಿ ತಾನಾಗಿಯೇ ಇಳಿದು ಟಿಪಾಯಿಯ ಮೇಲಿನ ಚಕ್ಕುಲಿ ತಟ್ಟೆಗೆ ಗುರಿಯಿಟ್ಟಿತು. ವ್ಯಾಪಾರಿಗಳು "ತಿನ್ನವ್ವ, ಹೊಡೀಬ್ಯಾಡ" ಅಂದರು. ಅಪ್ಪಾಜಿಯ ತೀರ್ಪು ಒಂದೇ ಮಾತಿನಲ್ಲಿ ಮುಗಿಯಿತು: ಭಾರ.

ಅಂದೇ ಮಧ್ಯಾಹ್ನ ನ್ಯಾಮತಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಒಂಟಿ ನಳಿಕೆಯ ಬಂದೂಕು ನೋಡಿದೆವು. ಅದು ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರುವುದು, ಚುನಾವಣೆ ಬಂದರೆ ಪೊಲೀಸ್ ಠಾಣೆಗೆ ಹೋಗಿ ವಾಪಸ್ಸಾಗುವುದು, ಇಷ್ಟು ಬಿಟ್ಟರೆ ಎಲ್ಲಿಗೂ ಹೋದದ್ದಲ್ಲ. ಹಚ್ಚಿದ ಕುಂಕುಮವೆಲ್ಲ ಸಂದಿಗಿಳಿದು ಗಟ್ಟಿಯಾಗಿ, ಕುದುರೆ ಎಳೆದರೆ ಅಲುಗಲಿಲ್ಲ. ಮೇಷ್ಟ್ರು ಅದನ್ನೇ ದೊಡ್ಡ ಗುಣವೆಂದು ಹೇಳಿದರು: ಮನೆಯಲ್ಲಿ ಮಕ್ಕಳಿದ್ದರೂ ಭಯವಿಲ್ಲವಂತೆ. ಅಪ್ಪಾಜಿ ಇದನ್ನೂ ಬಗ್ಗಿಸಿ, ಇಣುಕಿ, ಖಾಲಿ ಅಂದು, ತೂಗಿ ನೋಡಿ ತಲೆಯಾಡಿಸಿದರು.

"ಹಗುರ ಆತು. ಹಗುರ ಬಂದೂಕು ಒದ್ರೆ ಭುಜ ಕಿತ್ತು ಬರ್ತೈತೆ."

"ಹೊನ್ನಾಳೀಲಿ ಭಾರ ಆತು, ನ್ಯಾಮತೀಲಿ ಹಗುರ ಆತು. ನಡುವೆ ಯಾವೂರು ಐತೆ ಹೇಳ್ರಿ, ಅಲ್ಲೇ ಹುಡುಕಾಣ" ಅಂದೆ. ಅಪ್ಪಾಜಿ ಮನೆ ಮುಟ್ಟುವವರೆಗೆ ಸ್ಕೂಟಿಯ ಹಿಂದೆ ಮುಖ ಉಬ್ಬಿಸಿಕೊಂಡು ಕೂತಿದ್ದರು. ನನಗೂ ಆರಾಮವಾಯಿತು.

ಮುಂದಿನ ವಾರ ಬಸ್ಸಿನಲ್ಲಿ ಜಗಳೂರಿಗೆ ಹೋದೆವು. ಅಲ್ಲೊಬ್ಬ ಅಮ್ಮ, ಗಂಡ ತೀರಿಕೊಂಡ ಮೇಲೆ ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡು, ಶೇಂಗಾ ಹೊಲವನ್ನು ತಾನೇ ಕಾಯುತ್ತಿದ್ದವರು. "ಮಂಡಿ ಹೋದ್ವು. ಅಟ್ಟಣೆ ಹತ್ತಾಕೆ ಆಗಲ್ಲ ನೋಡ್ರಿ, ಅದಕ್ಕೇ ಕೊಡ್ತಿರೋದು" ಅನ್ನುತ್ತಾ ಬೀರುವಿನ ಹಿಂದಿನಿಂದ ಒಂಟಿ ನಳಿಕೆಯದೊಂದನ್ನು ತೆಗೆದರು. ಹಿಂದಿನ ಮರವನ್ನು ತಮ್ಮ ಅಳತೆಗೆ ನಾಲ್ಕು ಬೆರಳು ಕೊಯ್ಯಿಸಿದ್ದರು. ನೋಡಿದ ಕೂಡಲೇ ನನಗೆ ಇದೇ ಅನ್ನಿಸಿತು. ಅಪ್ಪಾಜಿ ಇದಕ್ಕೇನು ಹೆಸರಿಡುತ್ತಾರೋ ಎಂದು ಕಾದು ನಿಂತೆ.

ಅಪ್ಪಾಜಿ ಎಂದಿನಂತೆ ಬಗ್ಗಿಸಿದರು. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ನೋಡಿದ್ದಕ್ಕಿಂತಲೂ ಹೆಚ್ಚು ಹೊತ್ತು ನೋಡಿದರು.

"ನಳಿಕೆ ಚೊಕ್ಕ ಐತೆ. ಆ ಕಡೆ ಬೆಳಕು ಕಾಣ್ತೈತೆ. ಖಾಲಿ."

ನಾನು ಅವರ ಭುಜದ ಪಕ್ಕದಲ್ಲೇ ಇದ್ದೆ. ಬೆಳಕು ಕಾಣಲು ಸಾಧ್ಯವೇ ಇರಲಿಲ್ಲ. ನಳಿಕೆಯ ಬುಡದಲ್ಲಿ ಹಿತ್ತಾಳೆಯ ತಳ ಹೊಳೆಯುತ್ತಿತ್ತು. ತೋಟಾ ತುಂಬಿತ್ತು.

ನನ್ನ ಬಾಯಿಂದ ಮಾತು ಹೊರಡುವಷ್ಟರಲ್ಲಿ ಅವರು ಟಪ್ಪೆಂದು ಬಂದೂಕು ಮುಚ್ಚಿ ನನಗೆ ಕೊಡಲು ತಿರುಗಿದರು. ಮೂತಿ ಆ ಅಮ್ಮನ ಹೊಟ್ಟೆಯ ನೇರಕ್ಕೆ ಬರುತ್ತಿತ್ತು. ನಾನು ನಳಿಕೆ ಹಿಡಿದು ಸೂರಿನ ಕಡೆಗೆ ತಳ್ಳಿ, ಬಂದೂಕು ಕಿತ್ತುಕೊಂಡು, ಬಗ್ಗಿಸಿ ತೋಟಾ ಎಳೆದೆ. ಅದು ಹೊರಬಂದ ಸಣ್ಣ ಸದ್ದು ಅಪ್ಪಾಜಿಗೆ ಕೇಳಿಸಿತು. ಅವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಬೈಯಬೇಕೆಂದು ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು, ಕೈ ಇನ್ನೂ ಬಂದೂಕು ಹಿಡಿದಂತೆಯೇ ಇತ್ತು. ಬೈಯಲಾಗಲಿಲ್ಲ.

"ಅಪ್ಪಾಜಿ, ತುಂಬಿತ್ತು" ಅಂದೆ, ಅಷ್ಟೇ.

ಆ ಅಮ್ಮ ಎದೆ ಹಿಡಿದುಕೊಂಡು ಕೂತರು. "ಅಯ್ಯೋ ಶಿವನೇ, ನಂದೇ ತಪ್ಪು. ಮೊನ್ನೆ ಕೋತಿ ಬಂದಾಗ ತುಂಬಿದ್ದೆ, ತೆಗೆಯಾಕೆ ಮರ್ತಬಿಟ್ಟೆ."

ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಸಿಗುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಅಪ್ಪಾಜಿ ಅರ್ಧ ಗಂಟೆ ಅವರಿಗೇ ಪಾಠ ಹೇಳುತ್ತಿದ್ದರು. ಆದರೆ ಅವತ್ತು, "ಇಲ್ಲಮ್ಮ, ನೋಡಿದೋನು ನಾನು" ಅಂದರು. ಮೊಣಕೈ ಅಳತೆ ನೋಡಿಕೊಳ್ಳಲು ನನಗೆ ಹೇಳಿದರು. ನಾನು ಮರವನ್ನು ಮಡಿಕೆಯಲ್ಲಿಟ್ಟು ಬೆರಳು ಚಾಚಿದೆ. ಅವರು ಹತ್ತಿರ ಬಂದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಮೆಲ್ಲಗೆ ತಡವಿ, ಬೆರಳು ಕುದುರೆಯ ಮೇಲೆ ಕೂತಿರುವುದನ್ನು ಮುಟ್ಟಿ ತಿಳಿದುಕೊಂಡರು.

"ಕೂತೈತೆ. ಕಾಗದ ಪತ್ರ ಆದ್ಮೇಲೆ ಬಂದು ಒಯ್ತೀವಿ" ಎಂದು ಅಮ್ಮನಿಗೆ ಹೇಳಿದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ದಾವಣಗೆರೆ ಬಸ್ಸೊಂದು ಬಂದು ಹೋಯಿತು. ನಾವು ಏಳಲಿಲ್ಲ.

"ಯಾವ ಬಣ್ಣ ಇತ್ತು?" ಅಂದರು.

"ಏನು?"

"ತೋಟಾ."

"ಕೆಂಪು."

"ನಾನು ಸುಳ್ಳು ಹೇಳ್ಲಿಲ್ಲ ಕಣವ್ವ. ನಂಗೆ ಬೆಳಕೇ ಕಂಡಿದ್ದು."

ಅವರ ಪ್ರತಿ ಮಾತಿಗೂ ಎದುರುತ್ತರ ಕೊಟ್ಟು ಬೆಳೆದವಳು ನಾನು. ಅವತ್ತು ಜನರ ಎದುರಿಗೇ ಅತ್ತುಬಿಟ್ಟೆ. ಅಳುವುದು ಕೇಳಿಸಿದರೂ ಅವರು ಕೇಳಿಸಲಿಲ್ಲವೆಂಬಂತೆ ರಸ್ತೆಯ ಕಡೆ ಮುಖ ಮಾಡಿದ್ದರು.

"ನಾಳೆ ಸಹಿ ಹಾಕ್ತೀನಿ" ಅಂದರು. "ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರ್ಸು."