ದಕ್ಷಿಣಕ್ಕೆ ಗುರುಬಸಪ್ಪ

ಹೋದ ತಿಂಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಲೀಗಲ್ ಟೀಮಿನಿಂದ ನನಗೊಂದು ಇಮೇಲ್ ಬಂತು. ನಾನು ತಿದ್ದಿದ ಕರಾರನ್ನು ಪೂರ್ತಿ ಓದಿದ್ದಾರಂತೆ. ಒಂದೇ ಒಂದು ಅನುಮಾನವಂತೆ. ‘ಕೊನೆಯ ಪುಟದಲ್ಲಿ, ದಕ್ಷಿಣಕ್ಕೆ: ಗುರುಬಸಪ್ಪ, ಎಂದಿದೆ. ದಯವಿಟ್ಟು ವಿವರಿಸಿ.’

ನಾನೇನು ವಿವರಿಸಲಿ? ಅದನ್ನು ನಾನೂ ಆಗಲೇ ಮೊದಲ ಸಲ ಓದುತ್ತಿದ್ದೆ.

ನಾನು ವಿಜಯಪುರದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಜಲನಗರದ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಬರುವ ಕೇಸುಗಳೆಲ್ಲ ಹೊಲ, ಬದು, ವಾಟ್ನಿ (ಅಂದರೆ ಆಸ್ತಿಯ ಪಾಲು). ಅಣ್ಣನ ಬೇಲಿ ತಮ್ಮನ ಹೊಲಕ್ಕೆ ಸರಿದದ್ದು, ತಮ್ಮನ ಎಮ್ಮೆ ಅಣ್ಣನ ಹೊಲಕ್ಕೆ ನುಗ್ಗಿದ್ದು. ಟೆಕ್ನಾಲಜಿ ಕರಾರು ಅಂದರೆ ನನ್ನ ಮಟ್ಟಿಗೆ ಬೋರ್‌ವೆಲ್ ಮೋಟರಿನ ಗ್ಯಾರಂಟಿ ಕಾರ್ಡು.

ಹೀಗಿರುವಾಗ ತಿಕೋಟಾದ ರಾಜೇಸಾಬರು ಮಗಳು ಶಮೀಮಳ ಸ್ಕೂಟಿಯ ಹಿಂದೆ ಕೂತು ಬಂದರು. ಅವರದು ಒಣದ್ರಾಕ್ಷಿ ವ್ಯಾಪಾರ (ನಮ್ಮ ಕಡೆ ಮಣೂಕ ಅನ್ನುತ್ತೇವೆ). ರೈತರಿಂದ ಮಾಲು ಕೊಂಡು, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ಬಂದಾಗ ಹೊರರಾಜ್ಯದ ಅಂಗಡಿಗಳಿಗೆ ಕಳಿಸುತ್ತಾರೆ. ಹಿಂದೆ ಅವರ ಬದುವಿನ ಕೇಸು ನಡೆಸಿದವಳು ನಾನೇ. ಗೆದ್ದಿದ್ದೆವು. (ಗೆದ್ದ ಕಕ್ಷಿದಾರ ವಕೀಲರನ್ನು ಮರೆಯುವುದಿಲ್ಲ. ಸೋತವನಂತೂ ಸಾಯುವತನಕ ಮರೆಯುವುದಿಲ್ಲ.)

‘ವಕೀಲಬಾಯಾರ, ವ್ಯಾಪಾರದ ಲೆಕ್ಕಕ್ಕ ಒಂದು ಆ್ಯಪ್ ತಗೊಳ್ಳಾಕತ್ತೇವಿ. ಅದರದೊಂದು ಕರಾರು ಐತಿ. ಒಂದೀಟ ಕಣ್ಣಾಡಸ್ರಿ’ ಎಂದರು.

‘ಸುಮ್ನ ಒತ್ತಿ ಮುಗಸೂದನ್ನ ಅಬ್ಬಾ ಇಲ್ಲೀತನಾ ತಂದಾರ ನೋಡ್ರಿ’ ಎಂದಳು ಶಮೀಮ. ಬಿ.ಕಾಂ. ಮುಗಿಸಿ ಅಪ್ಪನ ವ್ಯಾಪಾರದ ಲೆಕ್ಕಪತ್ರ ನೋಡುವ ಹುಡುಗಿ. ‘ಎಲ್ಲಾರೂ ಐ ಅಗ್ರೀ ಅಂತ ಒತ್ಯಾರ. ಬಬಲೇಶ್ವರದ ಗುರುಬಸಪ್ಪ ಕಾಕಾರೂ ಒತ್ಯಾರ.’

ಆ ಹೆಸರು ಕೇಳಿದ್ದೇ ರಾಜೇಸಾಬರ ಮುಖ ಹುಳಿ ದ್ರಾಕ್ಷಿ ತಿಂದಂತಾಯಿತು. ಗುರುಬಸಪ್ಪನವರದೂ ಅದೇ ವ್ಯಾಪಾರ. ಮದುವೆ ಮನೆಯಲ್ಲಿ ಸಿಕ್ಕರೆ ಇಬ್ಬರೂ ತಬ್ಬಿಕೊಳ್ಳುತ್ತಾರೆ. ಮಾರ್ಕೆಟ್ಟಿನಲ್ಲಿ ಸಿಕ್ಕರೆ ಫೋನ್ ಬಂದವರಂತೆ ಆ ಕಡೆ ಮುಖ ತಿರುಗಿಸುತ್ತಾರೆ.

ಕರಾರು ಓದಲು ಕೂತೆ. ಅರ್ಧದಷ್ಟು ಪುಟಗಳಲ್ಲಿ ಇದ್ದದ್ದು ಒಂದೇ ಮಾತು: ಕಂಪನಿ ಯಾವುದಕ್ಕೆಲ್ಲ ಜವಾಬ್ದಾರನಲ್ಲ. ಆ್ಯಪ್ ನಿಂತರೆ ಜವಾಬ್ದಾರನಲ್ಲ, ಲೆಕ್ಕ ತಪ್ಪಿದರೆ ಅಲ್ಲ, ಭೂಕಂಪವಾದರೂ ಅಲ್ಲ. ಇಂಥ ವರನಿಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ? ನಡುವೆ ಎಲ್ಲೋ ಒಂದು ಸಾಲು ಕಣ್ಣಿಗೆ ಬಿತ್ತು. ನೀವು ತುಂಬಿದ ಮಾಹಿತಿಯನ್ನು ಕಂಪನಿ ತನ್ನ ಸೇವೆಯನ್ನು ಉತ್ತಮಪಡಿಸಲು ಬಳಸಬಹುದು. ಕರಾರು ಮುಗಿದ ಮೇಲೂ ತನ್ನ ಬಳಿ ಇಟ್ಟುಕೊಳ್ಳಬಹುದು.

ಅದು ನನಗೆ ಯಾಕೋ ಸರಿ ಕಾಣಲಿಲ್ಲ. ಆದರೆ ತಪ್ಪೇನು ಎಂದು ಬೊಟ್ಟು ಮಾಡಿ ತೋರಿಸಲೂ ಬರಲಿಲ್ಲ. ಉತ್ತಮವಾಗುತ್ತೇನೆ ಅನ್ನುವವರನ್ನು ಬೇಡವೆನ್ನುವುದು ಹೇಗೆ?

ಮರುದಿನ ಕಂಪನಿಯ ಸೇಲ್ಸ್‌ನವನು, ನಿಖಿಲ್ ಅಂತ, ನಮ್ಮ ಆಫೀಸಿಗೇ ಬಂದು ಡೆಮೊ ಕೊಟ್ಟ. ‘ನೋಡಿ ಸರ್, ಇದೇ ನಮ್ಮ ಬೆಸ್ಟ್ ಫೀಚರ್. ನಿಮ್ಮ ಅಕ್ಕಪಕ್ಕದ ವ್ಯಾಪಾರಿಗಳು ಯಾವ ರೇಟಿಗೆ ಮಾರಿದ್ರು ಅಂತ ಆ್ಯಪೇ ಹೇಳತ್ತೆ.’

ಪರದೆಯ ಮೇಲೆ ಬಂತು: ಬಬಲೇಶ್ವರ, ಒಬ್ಬ ವ್ಯಾಪಾರಿ. ಹಸಿರು ಉದ್ದ ಮಾಲು. ನಿನ್ನೆ ಮಾರಿದ ದರ. ಮಾಲು ಹೋದದ್ದು ಇಂದೋರಿಗೆ.

ರಾಜೇಸಾಬರು ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡರು. ‘ಇಂವಾ ಗುರುಬಸಪ್ಪನ. ಈ ಮಾಲ ಇಂದೋರಿಗೆ ಕಳಸಾಂವ ಬಬಲೇಶ್ವರದಾಗ ಮತ್ತ ಯಾರದಾರ?’

‘ಹೆಸರು ತೋರಿಸಲ್ಲ ಸರ್. ಪ್ರೈವಸಿ ಇದೆ’ ಎಂದ ನಿಖಿಲ್.

ಹೆಸರು ಯಾರಿಗೆ ಬೇಕು? ಬೈಕಿನ ಸಪ್ಪಳ ಕೇಳಿಯೇ ಯಾರ ಮನೆಯ ಅಳಿಯ ಬಂದ ಎಂದು ಹೇಳುವ ಊರುಗಳು ನಮ್ಮವು.

‘ಶಮೀಮ, ನೋಡ ಬೇ, ಇಷ್ಟಕ್ಕ ಕೊಟ್ಟಾನ. ನನ್ನ ಮುಂದ ಬ್ಯಾರೆನ ದರ ಹೇಳಿದ್ದ’ ಎಂದು ಹಿಗ್ಗಿದರು ರಾಜೇಸಾಬರು. ಪರದೆಯನ್ನು ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಮುಂದಿಟ್ಟ ಚಹಾ ಆರಿ ತಣ್ಣಗಾಯಿತು. ‘ಭಾರಿ ಐತಿ ಬಿಡ್ರಿ ಇದು. ಸಹಿ ಎಲ್ಲಿ ಮಾಡ್ಲಿ?’

ಪೆನ್ನು ಕೈಗೆ ಬಂದಿತ್ತು. ಆಗ ಶಮೀಮ ಮೆಲ್ಲಗೆ ಕೇಳಿದಳು. ‘ಅಬ್ಬಾ, ನಮ್ಮ ಮಾಲ ತುಂಬಿದ ಮ್ಯಾಲೆ ಕಾಕಾರ ಫೋನಿನ್ಯಾಗ ತಿಕೋಟಾ ಅಂತ ಬರ್ತೈತಲ್ಲ?’

ಪೆನ್ನು ನಿಂತಿತು.

‘ಅಂದ್ರ ಅಂವಾನೂ ಹಿಂಗ ಕುರ್ಚಿ ಎಳಕೊಂಡು ಕುಂಡ್ರತಾನೇನು?’ ಎಂದರು ರಾಜೇಸಾಬರು.

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಊರೂರು ಸುತ್ತಿ, ಭಾಷೆ ಬಾರದ ಪೇಟೆಗಳಲ್ಲಿ ಮಾಲಿನ ಚೀಲ ಹಿಡಿದು ಅಂಗಡಿ ಅಂಗಡಿಗೆ ಹೋಗಿ ಗಳಿಸಿಕೊಂಡ ಗಿರಾಕಿಗಳು ಅವರಿಗಿರುವುದು. ಹೊಲಕ್ಕಾದರೆ ಹಕ್ಕು ತೋರಿಸುವ ಉತಾರೆ ಇದೆ, ಹೋದರೆ ಕೋರ್ಟಿಗೆ ಬರಬಹುದು. ಗಿರಾಕಿಗೆ ಉತಾರೆ ಎಲ್ಲಿದೆ? ಹೊಸ ಮಾಲು ಬರುವ ಹೊತ್ತಿಗೆ ಗುರುಬಸಪ್ಪ ಇವರಿಗಿಂತ ಒಂದು ರೂಪಾಯಿ ಕಡಿಮೆ ಹೇಳಿದರೆ ಮುಗಿಯಿತು. ಹಾಗಂತ ಆ್ಯಪೇ ಬೇಡವೆನ್ನುವಂತೆಯೂ ಇರಲಿಲ್ಲ. ಸ್ಟಾಕು, ಬಿಲ್ಲು, ಲಾರಿ ಎಲ್ಲವನ್ನೂ ಆ ಹುಡುಗಿ ಒಬ್ಬಳೇ ಎಷ್ಟು ದಿನ ನೋಡಿಯಾಳು?

ಅಂದೇ ತಿದ್ದುಪಡಿ ಬರೆದೆ, ರಾಜೇಸಾಬರಿಗೂ ತಿಳಿಯಲೆಂದು ಕನ್ನಡದಲ್ಲೇ. ಇವರ ಮಾಹಿತಿಯನ್ನು ಬೇರೆಯವರಿಗೆ ತೋರಿಸತಕ್ಕದ್ದಲ್ಲ. ಹೆಸರು ತೆಗೆದೂ ತೋರಿಸತಕ್ಕದ್ದಲ್ಲ. ಕರಾರು ಮುಗಿದ ಮೇಲೆ ಎಲ್ಲ ಅಳಿಸತಕ್ಕದ್ದು. ಅದನ್ನು ಶಮೀಮಳಿಗೆ ಕಳಿಸಿ, ಅಪ್ಪನಿಗೆ ಓದಿ ಹೇಳು, ಸರಿ ಇದ್ದರೆ ಕಂಪನಿಗೆ ಕಳಿಸು ಎಂದೆ.

ಎಡವಟ್ಟಾದದ್ದು ಇಲ್ಲಿಯೇ. ನನ್ನ ಕಂಪ್ಯೂಟರಿನಲ್ಲಿರುವುದು ಒಂದೇ ನಮೂನೆ, ಹೊಲದ ಖರೀದಿ ಪತ್ರದ್ದು. ಬಾಡಿಗೆ ಕರಾರಿರಲಿ, ಪಾಲುದಾರಿಕೆ ಇರಲಿ, ನನ್ನಲ್ಲಿ ಎಲ್ಲವೂ ಅದರ ಹೊಟ್ಟೆಯಿಂದಲೇ ಹುಟ್ಟಬೇಕು. ಹೊಲದ ಪತ್ರದ ಕೊನೆಗೆ ಚಕ್ಕುಬಂದಿ ಅಂತ ಇರುತ್ತದಲ್ಲ, ನಾಲ್ಕೂ ದಿಕ್ಕಿಗೆ ಯಾರ ಜಮೀನಿದೆ ಎಂದು ಬರೆಯುವ ಜಾಗ? ಅದನ್ನು ಅಳಿಸಲು ಮರೆತಿದ್ದೆ.

ವಕೀಲಬಾಯಾರು ಖಾಲಿ ಬಿಟ್ಟಿದ್ದಾರೆಂದರೆ ನಾವೇ ತುಂಬಬೇಕೇನೋ ಎಂದುಕೊಂಡಳು ಶಮೀಮ. ಅಪ್ಪನನ್ನು ಕೇಳಿ ತುಂಬಿಯೇಬಿಟ್ಟಳು. ಪೂರ್ವಕ್ಕೆ: ನಮ್ಮ ಗಿರಾಕಿಗಳ ಹೆಸರು. ಪಶ್ಚಿಮಕ್ಕೆ: ನಮ್ಮ ದರ. ಉತ್ತರಕ್ಕೆ: ಸ್ಟೋರೇಜಿನಲ್ಲಿರುವ ಮಾಲು. ದಕ್ಷಿಣಕ್ಕೆ: ಗುರುಬಸಪ್ಪ.

ಮೇಲ್ ಬಂದ ಮರುದಿನ ವಿಡಿಯೊ ಕಾಲ್. ‘ಮೇಡಂ, ಸಾಫ್ಟ್‌ವೇರ್‌ಗೆ ದಕ್ಷಿಣ ಅಂದ್ರೆ ಯಾವುದು?’ ಎಂದು ಕೇಳಿದಳು ಲೀಗಲ್ ಟೀಮಿನ ಹುಡುಗಿ. ಪಾಪ, ನಗುತ್ತಿರಲಿಲ್ಲ. ಟೈಪಿಂಗ್ ಮಿಸ್ಟೇಕ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ರಾಜೇಸಾಬರು ಕ್ಯಾಮೆರಾಗೆ ಮುಖ ಒಡ್ಡಿದರು.

‘ತಿಕೋಟಾದ ದಕ್ಷಿಣಕ್ಕ ಬಬಲೇಶ್ವರ ಐತ್ರಿ. ಅಲ್ಲಿ ಗುರುಬಸಪ್ಪ ಅದಾನ. ನಂದು ಅಂವಗ ಕಾಣಬಾರದು. ಇಷ್ಟ.’

‘ಸರ್, ಇದು ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್. ಇಲ್ಲಿವರೆಗೂ ಯಾರೂ ಚೇಂಜ್ ಕೇಳಿಲ್ಲ. ನಿಮ್ಮ ಗುರುಬಸಪ್ಪ ಅವರೂ ಕೇಳಿಲ್ಲ.’

ಕಾಲ್ ಮುಗಿಯಿತು. ರಾಜೇಸಾಬರು ಫೋನ್ ತೆಗೆದು ನನ್ನೆದುರೇ ಗುರುಬಸಪ್ಪನವರಿಗೆ ಹಚ್ಚಿದರು. ‘ಗುರುಬಸಣ್ಣ, ಮೊನ್ನಿ ಇಂದೋರಿಗೆ ಎಷ್ಟಕ್ಕ ಕೊಟ್ಟಿ, ಹೇಳ್ಲೇನು?’

ದರ ಹೇಳಿ, ಅದನ್ನು ಆ್ಯಪೇ ತೋರಿಸಿತೆಂದೂ ತಿಳಿಸಿ, ನಿನ್ನ ಕರಾರು ತಗೊಂಡು ವಕೀಲಬಾಯಾರ ಕಡೆ ಬಾ ಎಂದರು.

‘ನೀವು ಬಾಯಿ ಮುಚ್ಚಿಕೊಂಡು ಅವರ ದರ ನೋಡುತ್ತ ಲಾಭ ಮಾಡಿಕೊಳ್ಳಬಹುದಿತ್ತಲ್ಲ?’ ಎಂದು ಆಮೇಲೆ ಕೇಳಿದೆ. ‘ಸೋಲಸ್ತೀನ್ರಿ ಅಂವನ್ನ, ಬಿಡಾಂವಲ್ಲ. ಆದ್ರ ಕಿಟಕ್ಯಾಗ ಹಣಿಕಿ ಹಾಕಿ ಬ್ಯಾಡ’ ಎಂದರು. (ಡೆಮೊ ದಿನ ಅವರು ಆ ದರವನ್ನು ಅಂಗೈ ಮೇಲೆ ಬರೆದುಕೊಂಡದ್ದನ್ನು ನಾನು ನೋಡಿದ್ದೆ. ಇರಲಿ.)

ಗುರುಬಸಪ್ಪನವರು ಅಂದೇ ಮಧ್ಯಾಹ್ನ ಬಂದರು. ಕೈಯಲ್ಲಿ ಅವರ ಕರಾರಿನ ಪ್ರಿಂಟು, ಮೂಲೆಗೆ ಅರಿಶಿಣ-ಕುಂಕುಮ. ಪೂಜೆ ಮಾಡಿ ತಿಜೋರಿಯಲ್ಲಿ ಇಟ್ಟಿದ್ದರಂತೆ. ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದರು.

ಇಬ್ಬರ ಕರಾರಿನಲ್ಲೂ ಏನೇನು ಮುಚ್ಚಬೇಕು ಎಂದು ಕೇಳತೊಡಗಿದೆ. ಒಬ್ಬರು ಹೇಳುವಾಗ ಇನ್ನೊಬ್ಬರು ಹೊರಗೆ ಹೋಗಬೇಕೆಂದು ಇಬ್ಬರದೂ ಷರತ್ತು. ಹೀಗಾಗಿ ಆ ರಣಬಿಸಿಲಿನಲ್ಲಿ ತಿಕೋಟಾ ಒಳಗಿದ್ದಾಗ ಬಬಲೇಶ್ವರ ಗೇಟಿನ ಹತ್ತಿರ, ಬಬಲೇಶ್ವರ ಒಳಗೆ ಬಂದಾಗ ತಿಕೋಟಾ ಬೇವಿನ ಗಿಡದ ಕೆಳಗೆ. ಎದುರು ಮನೆಯವರು ಇದೇನು ವಾಟ್ನಿ ಕೇಸೇ ಎಂದು ನನ್ನನ್ನು ವಿಚಾರಿಸಿದರು.

ಕೊನೆಗೆ ಇಬ್ಬರೂ ಸೇರಿ ಕಂಪನಿಗೆ ಹೇಳಿದ್ದು ಒಂದೇ ಮಾತು. ಬದಲಿಸಿದರೆ ಇಬ್ಬರೂ ಇರುತ್ತೇವೆ, ಇಲ್ಲವಾದರೆ ಇಬ್ಬರೂ ಇಲ್ಲ. ಇವರು ಬಿಟ್ಟರೆ ಐ ಅಗ್ರೀ ಒತ್ತಿದ ಉಳಿದ ವ್ಯಾಪಾರಿಗಳೂ ಬಿಡುತ್ತಾರೆಂದು ನಿಖಿಲ್‌ಗೂ ಗೊತ್ತಿತ್ತು. ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್ ಸದ್ದಿಲ್ಲದೆ ಬದಲಾಯಿತು. ನಾನು ಚಕ್ಕುಬಂದಿಯನ್ನು ತೆಗೆಯಲು ಹೋದರೆ ಲೀಗಲ್ ಟೀಮಿನ ಹುಡುಗಿಯೇ ತಡೆದಳು. ‘ಇರ್ಲಿ ಬಿಡಿ ಮೇಡಂ. ಇಡೀ ಕಾಂಟ್ರಾಕ್ಟಲ್ಲಿ ಅದೊಂದೇ ಅರ್ಥ ಆಗೋದು.’

ಸಹಿ ಮಾಡುವ ದಿನ ಗುರುಬಸಪ್ಪನವರು ಪಟ್ಟು ಹಿಡಿದರು. ‘ನಂದರಾಗೂ ಚಕ್ಕುಬಂದಿ ಹಾಕ್ರಿ. ಉತ್ತರಕ್ಕ ರಾಜೇಸಾಬ ಅಂತ ಬರೀರಿ.’

‘ಚಂದಂಗಿ ದೊಡ್ಡ ಅಕ್ಷರದಾಗ ಬರೀರಿ’ ಎಂದರು ರಾಜೇಸಾಬರು, ಹೊರಗೆ ಬೇವಿನ ಗಿಡದ ಕೆಳಗಿನಿಂದ.

ಗೇಣು ಬದುವಿಗಾಗಿ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಕೋರ್ಟು ಹತ್ತುವ ಜನ ನಾವು. (ನನ್ನ ಮನೆ ನಡೆಯುವುದೇ ಅದರಿಂದ.) ಫೋನು ಕೇಳಿದರೆ ಮಾತ್ರ ಇಡೀ ಹೊಲವನ್ನೇ ಹೆಬ್ಬೆರಳಿನಿಂದ ಒತ್ತಿ ಕೊಟ್ಟುಬಿಡುತ್ತೇವೆ.

ಅಂದ ಹಾಗೆ, ನಿಮ್ಮ ಫೋನಿನ ದಕ್ಷಿಣಕ್ಕೆ ಯಾರಿದ್ದಾರೆ?